ಕ್ರಾಸ್ ಸ್ಟಿಚ್ಚೋ, ನೀಡಲ್‌ಪಾಯಿಂಟೋ, ಕಸೂತಿಯೋ: ನಿಮ್ಮ ಮನೆಗೆ ಯಾವುದು ಹೊಂದುತ್ತದೆ?

ಈ ಮೂರರಲ್ಲಿ ಯಾವುದನ್ನು ಶುರು ಮಾಡಲಿ ಎಂದು ಕೇಳುವವರು ಹೆಚ್ಚಾಗಿ ಮುಗಿದ ಕೆಲಸದ ಫೋಟೋ ನೋಡಿಕೊಂಡು ಬಂದಿರುತ್ತಾರೆ. ಫೋಟೋದಲ್ಲಿ ಎಲ್ಲವೂ ಚೆಂದವೇ. ಆದರೆ ದಿನಾ ಸ್ವಲ್ಪ ಸ್ವಲ್ಪ ಮಾಡುವ ಹವ್ಯಾಸಕ್ಕೆ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ನೀವು ಸೂಜಿ ಹಿಡಿದು ಕೂತ ಹೊತ್ತಿನಲ್ಲಿ ಎಣಿಸುವಷ್ಟು ನೆಮ್ಮದಿ ಇರುತ್ತದಾ, ಇಲ್ಲವಾ? ಮೊದಲು ಇದನ್ನು ಕೇಳಿಕೊಳ್ಳಿ. ಕುಕ್ಕರ್ ಮೂರನೇ ಸೀಟಿಗೆ ಏಳಬೇಕು, ಪಕ್ಕದ ಮನೆಯವರು ಮಾತಿಗೆ ಬರುತ್ತಾರೆ, ಮಗ ಹೋಮ್‌ವರ್ಕ್ ಹಿಡಿದು ನಿಲ್ಲುತ್ತಾನೆ. ಇಂಥ ಮನೆಯಲ್ಲಿ 'ಹನ್ನೊಂದು ನೀಲಿ, ಎರಡು ಬಿಳಿ, ಮತ್ತೆ ನಾಲ್ಕು ನೀಲಿ' ಎಂದು ಎಣಿಸುತ್ತಾ ಕೂರುವುದು ಒಂದು ರೀತಿ. ಎಣಿಕೆಯೇ ಇಲ್ಲದೆ ಬಣ್ಣ ತುಂಬುತ್ತಾ ಹೋಗುವುದು ಇನ್ನೊಂದು ರೀತಿ. ಉಳಿದ ಲೆಕ್ಕಾಚಾರವೆಲ್ಲ ಇದಾದ ಮೇಲೆ.

ಕ್ರಾಸ್ ಸ್ಟಿಚ್ ನಮ್ಮ ಕಡೆ ಹೊಸದಲ್ಲ. ಶಾಲೆಯ ಕ್ರಾಫ್ಟ್ ಪೀರಿಯಡ್‌ನಲ್ಲಿ ಮ್ಯಾಟಿ ಬಟ್ಟೆಯ ಮೇಲೆ ಗುಲಾಬಿ ಹಾಕಿದವರು ಬೇಕಾದಷ್ಟು ಜನ ಇದ್ದಾರೆ. 'ಸುಸ್ವಾಗತ' ಎಂದು ಬರೆದ ಬಾಗಿಲ ತೋರಣ ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಈಗಲೂ ಕಾಣುತ್ತದೆ. ಚೌಕ ಚೌಕವಾಗಿ ನೇಯ್ದ ಬಟ್ಟೆ, ಚೌಕದ ನಾಲ್ಕು ಮೂಲೆಗೂ ತೂತು, ಮೂಲೆಯಿಂದ ಮೂಲೆಗೆ ಎರಡು ಓರೆ ಹೊಲಿಗೆ. ಇದಕ್ಕೆಂದೇ ಮಾಡಿದ ಬಟ್ಟೆಗೆ ಐಡಾ ಎನ್ನುತ್ತಾರೆ. ಮ್ಯಾಟಿ ಅದರ ಅಗ್ಗದ ನೆಂಟ. ಚಿತ್ರ ಇರುವ ಕಡೆ ಮಾತ್ರ ಹೊಲಿಗೆ, ಉಳಿದ ಬಟ್ಟೆ ಹಾಗೇ ಖಾಲಿ.

ನೀಡಲ್‌ಪಾಯಿಂಟ್‌ನಲ್ಲಿ ಬಟ್ಟೆಯ ಬದಲು ಗಂಜಿ ಹಾಕಿದ ಗಟ್ಟಿ ಜಾಲರಿ ಕ್ಯಾನ್ವಾಸ್. ಎರಡು ಓರೆಯ ಬದಲು ಒಂದೇ ಓರೆ, ಅದೂ ಎಲ್ಲ ಒಂದೇ ದಿಕ್ಕಿಗೆ. ಜಾಲರಿ ಒಂದಿಷ್ಟೂ ಕಾಣದಂತೆ ಪೂರ್ತಿ ಮುಚ್ಚಬೇಕು, ಖಾಲಿ ಬಿಡುವ ಮಾತೇ ಇಲ್ಲ. ದಾರ ಹೆಚ್ಚಾಗಿ ಉಣ್ಣೆಯದು. ಕೊನೆಗೆ ಸಿಗುವುದು ದಪ್ಪನೆಯ, ಕುರ್ಚಿಯ ಸೀಟಿಗೂ ಕುಶನ್ನಿಗೂ ತಡೆಯುವ ಬಟ್ಟೆ. ಯುರೋಪಿನಲ್ಲಿ 19ನೇ ಶತಮಾನದಲ್ಲಿ ಬರ್ಲಿನ್ನಿನಿಂದ ಚೌಕುಳಿ ಕಾಗದದ ಮೇಲೆ ಬಣ್ಣ ತುಂಬಿದ ಮಾದರಿಗಳು ಬರತೊಡಗಿದ ಮೇಲೆ ಇದು ಮನೆಮನೆಯ ಕೆಲಸವಾಯಿತು. ಈಗ ಕ್ಯಾನ್ವಾಸಿನ ಮೇಲೆಯೇ ಚಿತ್ರ ಅಚ್ಚು ಹಾಕಿಸಿ ಮಾರುತ್ತಾರೆ. ಕೆಂಪು ಇರುವ ಕಡೆ ಕೆಂಪು, ಹಸಿರು ಇರುವ ಕಡೆ ಹಸಿರು ತುಂಬಿದರಾಯಿತು.

ಮೂರನೆಯದು ನಮ್ಮದೇ ಧಾರವಾಡದ ಕಡೆಯ ಕಸೂತಿ. ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ. ಇದರಲ್ಲಿ ಮೆಂಥಿ ಅಂದರೆ ಕ್ರಾಸ್ ಸ್ಟಿಚ್ಚೇ, ಹೆಸರು ಬೇರೆ ಅಷ್ಟೆ. ಕ್ರಾಸ್ ಸ್ಟಿಚ್ ಕಲಿತವರು ಕಸೂತಿಯ ಕಾಲು ಭಾಗ ಆಗಲೇ ಕಲಿತಂತೆ. ಈ ಬರಹದಲ್ಲಿ ಕಸೂತಿಯನ್ನು ಸೇರಿಸಲು ಅದೇ ಕಾರಣ. ಎರಡೇ ಆಯ್ಕೆ ಇಟ್ಟುಕೊಂಡು ಹೋಲಿಸುವ ಇಂಗ್ಲಿಷ್ ಪುಸ್ತಕಗಳಿಗೆ ನಮ್ಮ ಮನೆಯ ಕಪಾಟಿನಲ್ಲಿ ಕಸೂತಿ ಹಾಕಿದ ಇಳಕಲ್ ಸೀರೆ ಇರುವುದು ಗೊತ್ತಿಲ್ಲವಲ್ಲ!

ಒಂದೇ ಆನೆ, ಮೂರು ಲೆಕ್ಕ

ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯ ಕೆಳಗಿನ ಸಾಲಿನಲ್ಲಿ ಆನೆಗಳಿವೆಯಲ್ಲ, ಅಂಥದ್ದೊಂದು ಆನೆಯನ್ನು ಚೌಕುಳಿ ಹಾಳೆಯಲ್ಲಿ ಬರೆದುಕೊಳ್ಳಿ. ಅಗಲ 50 ಚೌಕ, ಎತ್ತರ 40 ಚೌಕ. ಕಾಲುಗಳ ನಡುವಿನ ಜಾಗ, ಸೊಂಡಿಲ ಪಕ್ಕದ ಜಾಗ ಕಳೆದರೆ ತುಂಬಬೇಕಾದ್ದು ಸುಮಾರು 1200 ಚೌಕ ಎಂದಿಟ್ಟುಕೊಳ್ಳಿ.

ಕ್ರಾಸ್ ಸ್ಟಿಚ್ಚಿನಲ್ಲಿ, ಇಂಚಿಗೆ 14 ಚೌಕ ಇರುವ ಐಡಾ ಮೇಲೆ ಈ ಆನೆ ಮೂರೂವರೆ ಇಂಚು ಅಗಲ ಬರುತ್ತದೆ. ಆರು ಎಳೆಯ ದಾರದಲ್ಲಿ ಎರಡು ಎಳೆ ಬಿಡಿಸಿ ಹೊಲಿಯುತ್ತೇವೆ. 8 ಮೀಟರಿನ ಒಂದೇ ಲಡಿಯಲ್ಲಿ ಇಡೀ ಆನೆ ಮುಗಿದು ದಾರ ಉಳಿಯುತ್ತದೆ. ಹೊಸಬರು ಗಂಟೆಗೆ ನೂರು, ನೂರಿಪ್ಪತ್ತು ಹೊಲಿಗೆ ಹಾಕುತ್ತಾರೆ. ದಿನಕ್ಕೆ ಒಂದು ಗಂಟೆ ಕೂತರೆ ಹತ್ತು, ಹನ್ನೆರಡು ದಿನದ ಕೆಲಸ. ಆನೆ ಮುಗಿಯಿತು ಅಂದರೆ ಕೆಲಸವೇ ಮುಗಿಯಿತು.

ಅದೇ ಆನೆಯನ್ನು ಇಂಚಿಗೆ 10 ತೂತಿನ ನೀಡಲ್‌ಪಾಯಿಂಟ್ ಕ್ಯಾನ್ವಾಸಿಗೆ ಹಾಕಿದರೆ 5 ಇಂಚು ಅಗಲ. ಇಲ್ಲಿಯವರೆಗೆ ಸರಿ. ಆದರೆ ಕುಶನ್ನು 12 ಇಂಚಿನದಾದರೆ ಒಟ್ಟು ಹೊಲಿಗೆ 120 ಗುಣಿಸು 120, ಅಂದರೆ 14,400. ಆನೆ 1200, ಉಳಿದ 13,200 ಬರೀ ಹಿನ್ನೆಲೆ! ಹೊಲಿಗೆ ಒಂದೇ ಓರೆಯದಾದ್ದರಿಂದ ಕೈ ಬೇಗ ಓಡುತ್ತದೆ, ನಿಜ. ಆದರೂ ದಿನಕ್ಕೊಂದು ಗಂಟೆಯ ಲೆಕ್ಕದಲ್ಲಿ ಎರಡು ಮೂರು ತಿಂಗಳು ಎಳೆಯುತ್ತದೆ. ಈ ಹಿನ್ನೆಲೆಯ ಮಾತು ಕೇಳಿಯೇ ಕೆಲವರು ಓಡಿಹೋಗುತ್ತಾರೆ. ಇನ್ನು ಕೆಲವರಿಗೆ ಬೇಕಾಗಿದ್ದೇ ಅದು: ನೋಡದೆಯೂ ಕೈ ಆಡುತ್ತದೆ, ಕಿವಿ ಧಾರಾವಾಹಿಯ ಕಡೆ, ಬಾಯಿ ಮಾತಿನ ಕಡೆ.

ಕಸೂತಿಯಲ್ಲಿ ಗವಂತಿ ಹಾಕಿದರೆ ಆನೆಯ ಗೆರೆ ಮಾತ್ರ, ಒಳಗೆ ಅಂಬಾರಿಯ ಒಂದೆರಡು ಕಟ್ಟು. ಹೊಲಿಗೆಯ ಸಂಖ್ಯೆ ತೀರಾ ಕಮ್ಮಿ. ಎರಡು ಮೂರು ದಿನಕ್ಕೆ ಒಂದು ಆನೆ ನಿಂತುಬಿಡುತ್ತದೆ. ಆದರೆ ತಲೆಗೆ ಕೆಲಸ ಜಾಸ್ತಿ. ಗವಂತಿಯಲ್ಲಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಮುಂದೆ ಹೋಗಬೇಕು, ಬಿಟ್ಟ ಜಾಗವನ್ನು ವಾಪಸ್ ಬರುವಾಗ ತುಂಬಬೇಕು. ಗಂಟು ಹಾಕುವಂತಿಲ್ಲ. ಬಟ್ಟೆಯ ಎರಡೂ ಕಡೆ ಒಂದೇ ರೀತಿ ಕಾಣಬೇಕು. ಆನೆಯ ಬಾಲಕ್ಕೆ ಹೋದ ದಾರ ಬಾಲದಿಂದಲೇ ವಾಪಸ್ ಬರಬೇಕಾದ್ದರಿಂದ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತೇನೆ ಎಂಬ ದಾರಿ ಮೊದಲೇ ಗೊತ್ತಿರಬೇಕು. ಮಧ್ಯೆ ಎದ್ದು ಹೋಗಿ ಬಂದರೆ ದಾರಿ ಮರೆತುಹೋಗಿರುತ್ತದೆ. ಮುರ್ಗಿಯೂ ಹೀಗೆಯೇ, ಗೆರೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ ಅಷ್ಟೆ.

ಎದ್ದು ಹೋಗುವವರಿಗೆ, ಕೂತೇ ಇರುವವರಿಗೆ

ಪದೇ ಪದೇ ಏಳಬೇಕಾದ ಮನೆಯವರಿಗೆ ನನ್ನ ಮೊದಲ ಮತ ಅಚ್ಚು ಹಾಕಿದ ನೀಡಲ್‌ಪಾಯಿಂಟ್‌ಗೆ. ಸೂಜಿ ಎಲ್ಲಿ ಚುಚ್ಚಿ ಹೋಗಿದ್ದೀರೋ ಅಲ್ಲಿಂದಲೇ ಮುಂದುವರಿಸಬಹುದು, ಚೌಕುಳಿ ಮಾದರಿಯ ಚಾರ್ಟ್ ನೋಡುವ ಗೋಜೇ ಇಲ್ಲ. ಆದರೆ ಸಾಮಾನು ಸಿಗುವುದು ಕಷ್ಟ, ಬೆಲೆಯೂ ಜಾಸ್ತಿ. ಅದನ್ನು ಮುಂದೆ ಹೇಳುತ್ತೇನೆ.

ಕ್ರಾಸ್ ಸ್ಟಿಚ್ಚನ್ನೂ ಎಣಿಕೆ ಕಮ್ಮಿ ಮಾಡಿಕೊಂಡು ಹೊಲಿಯಬಹುದು. ಬಟ್ಟೆಯ ಮೇಲೆ ಹತ್ತು ಹತ್ತು ಚೌಕಕ್ಕೆ ಒಂದೊಂದು ಗೆರೆಯಂತೆ, ನೀರಿಗೆ ಅಳಿಸಿಹೋಗುವ ಪೆನ್ನಿನಿಂದಲೋ ಉದ್ದ ಟಾಕಾದಿಂದಲೋ ಗುರುತು ಹಾಕಿಕೊಳ್ಳಿ. ಚಾರ್ಟಿನಲ್ಲೂ ಹತ್ತಕ್ಕೊಂದು ದಪ್ಪ ಗೆರೆ ಇರುತ್ತದೆ. ಆಗ ಎಣಿಕೆ ಹತ್ತನ್ನು ದಾಟುವುದೇ ಇಲ್ಲ. ಹಾಕಿದ ಚೌಕವನ್ನು ಪೆನ್ಸಿಲ್ಲಿನಲ್ಲಿ ಹೊಡೆದುಹಾಕುತ್ತಾ ಹೋದರೆ ಎದ್ದು ಬಂದಾಗ ಹುಡುಕುವ ಕೆಲಸವೂ ಇಲ್ಲ. ಬಟ್ಟೆಯನ್ನು ನಾಲ್ಕಾಗಿ ಮಡಿಸಿ ನಡುವಿನ ಚೌಕ ಗುರುತು ಮಾಡಿ ಅಲ್ಲಿಂದಲೇ ಶುರು ಮಾಡಬೇಕು. ಅಂಚಿನಿಂದ ಶುರು ಮಾಡಿದರೆ ಆನೆಯ ಸೊಂಡಿಲು ಬಟ್ಟೆ ದಾಟಿ ಹೊರಗೆ ಹೋದೀತು.

ಮೇಲೆ ಬರುವ ಓರೆ ಎಲ್ಲ ಕಡೆ ಒಂದೇ ದಿಕ್ಕಿಗೆ ಇರಲಿ. ಇದೊಂದನ್ನು ಪಾಲಿಸಿದರೆ ಹೊಸಬರ ಕೆಲಸವೂ ಪಳಗಿದ ಕೈಯ ಕೆಲಸದಂತೆ ಕಾಣುತ್ತದೆ. ದಿಕ್ಕು ಬದಲಾದ ಒಂದು ಹೊಲಿಗೆಯ ಮೇಲೆ ಬೆಳಕು ಬೇರೆ ರೀತಿ ಬಿದ್ದು ಅದೊಂದೇ ಕಣ್ಣಿಗೆ ಹೊಡೆಯುತ್ತದೆ.

ಮೊಬೈಲಿನಲ್ಲಿ ಫೋಟೋ ಹಾಕಿದರೆ ಚಾರ್ಟ್ ಮಾಡಿಕೊಡುವ ಆ್ಯಪ್‌ಗಳಿವೆ. ಮೊದಲ ಕೆಲಸಕ್ಕೆ ಅವುಗಳ ಸಹವಾಸ ಬೇಡ. ಮಗಳ ಫೋಟೋ 200 ಚೌಕ ಅಗಲ, 250 ಚೌಕ ಎತ್ತರ ಎಂದರೆ 50,000 ಹೊಲಿಗೆ. ಕೆನ್ನೆಯ ಮೇಲೆ ಒಂದು ಚೌಕ ಕಂದು, ಅದರ ಪಕ್ಕ ಒಂದು ಚೌಕ ತಿಳಿಗಂದು, ಮತ್ತೊಂದು ಗುಲಾಬಿ. ಪ್ರತಿ ಹೊಲಿಗೆಗೂ ದಾರ ಬದಲಿಸಬೇಕು. ಹೀಗೆ ಶುರುವಾದ ಎಷ್ಟೋ ಕೆಲಸಗಳು ಬೀರುವಿನ ಮೇಲಿನ ಖಾನೆಯಲ್ಲಿ ಒಂದು ಕಣ್ಣು, ಅರ್ಧ ಮೂಗಿನ ಜೊತೆ ಮಲಗಿವೆ.

ಮಾದರಿಗೆ ದುಡ್ಡು ಕೊಡಬೇಕಾಗಿಯೂ ಇಲ್ಲ. ಮಕ್ಕಳ ಗಣಿತದ ಚೌಕುಳಿ ನೋಟ್‌ಬುಕ್ ಸಾಕು. ನೇರ ಗೆರೆಯ ಚುಕ್ಕಿ ರಂಗೋಲಿ ಗವಂತಿಗೆ ಹೇಳಿ ಮಾಡಿಸಿದ್ದು. ಸುತ್ತಿ ಬಳಸಿ ಹೋಗುವ ರಂಗೋಲಿ ಮಾತ್ರ ಚೌಕಕ್ಕೆ ಒಗ್ಗುವುದಿಲ್ಲ. ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆಯನ್ನು ಮೇಲಿನಿಂದ ತೆಗೆದ ಫೋಟೋ ನೋಡಿರುತ್ತೀರಿ. ಟಿಪ್ಪು ಕಾಲದ ಆ ಎಂಟು ಮೂಲೆಯ ನಕ್ಷತ್ರ ಮೂರೂ ಬಗೆಗೆ ಹೊಂದುತ್ತದೆ. ಒಂದು ಮೂಲೆ ಬರೆದುಕೊಂಡರೆ ಉಳಿದ ಏಳನ್ನು ಅದನ್ನೇ ತಿರುಗಿಸಿ, ಮಗುಚಿ ಬರೆಯಬಹುದು.

ಸಾಮಾನು ಎಲ್ಲಿ ಸಿಗುತ್ತದೆ

ಹಾಸನದ ಕಸ್ತೂರಬಾ ರಸ್ತೆ, ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಸುತ್ತಮುತ್ತ ಫ್ಯಾನ್ಸಿ ಸ್ಟೋರು, ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ಮೊದಲು ವಿಚಾರಿಸಿ. ಮ್ಯಾಟಿ, ಆಂಕರ್ ಕಂಪನಿಯ ದಾರ, ಬಟ್ಟೆ ಬಿಗಿಯುವ ರಿಂಗು, ಸೂಜಿ ಇಂಥ ಕಡೆ ಕೇಳಬೇಕಾದ ಸಾಮಾನು. ಕ್ರಾಸ್ ಸ್ಟಿಚ್ಚಿಗೂ ಕಸೂತಿಗೂ ಇಷ್ಟಿದ್ದರೆ ಆಯಿತು. ನೆಟ್ಟಿನಲ್ಲಿ ಸಿಗುವ ಚಾರ್ಟುಗಳು ಹೆಚ್ಚಾಗಿ ಡಿಎಂಸಿ ನಂಬರಿನಲ್ಲಿರುತ್ತವೆ. ಅದು 1746ರಲ್ಲಿ ಶುರುವಾದ, ದಾರ ಮಾಡುವ ಫ್ರಾನ್ಸಿನ ಕಂಪನಿ. ಆಂಕರ್ ನಂಬರು ಬೇರೆ. ಡಿಎಂಸಿಯ ಕಪ್ಪು 310, ಆಂಕರಿನ ಕಪ್ಪು 403. ಎರಡನ್ನೂ ಹೊಂದಿಸಿದ ಪಟ್ಟಿ ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ, ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ.

ಮ್ಯಾಟಿ ಕೊಳ್ಳುವಾಗ ಅಂಗಡಿಯಲ್ಲೇ ಸ್ಕೇಲ್ ಇಟ್ಟು ಇಂಚಿಗೆ ಎಷ್ಟು ಚೌಕ ಎಂದು ಎಣಿಸಿ. ಉದ್ದಕ್ಕೂ ಎಣಿಸಿ, ಅಡ್ಡಕ್ಕೂ ಎಣಿಸಿ. ಕೆಲವು ಮ್ಯಾಟಿಯಲ್ಲಿ ಎರಡೂ ಒಂದೇ ಇರುವುದಿಲ್ಲ. ಉದ್ದಕ್ಕೆ 10, ಅಡ್ಡಕ್ಕೆ 12 ಇದ್ದರೆ ನಿಮ್ಮ ಆನೆ ಒಂಟೆಯ ಹಾಗೆ ಎತ್ತರವಾಗಿ ನಿಲ್ಲುತ್ತದೆ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ ಬಿಡಿ.

ಕೆಂಪು, ಮರೂನ್ ದಾರ ಬಣ್ಣ ಬಿಡುತ್ತದಾ ಎಂದು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ತಿಂಗಳ ಕೆಲಸ ಒಂದು ತೊಳೆತಕ್ಕೆ ಹಾಳಾಗಬಾರದು.

ನೀಡಲ್‌ಪಾಯಿಂಟ್‌ಗೆ ಬೇಕಾದ ಹತ್ತಿಯ ಜಾಲರಿ ಕ್ಯಾನ್ವಾಸು, ಅದಕ್ಕೆಂದೇ ಬರುವ ಉಣ್ಣೆ ದಾರ ನಮ್ಮ ಊರುಗಳ ಅಂಗಡಿಯಲ್ಲಿ ಸಿಕ್ಕರೆ ಪುಣ್ಯ. ಆನ್‌ಲೈನ್ ತರಿಸಬೇಕು, ಅಚ್ಚು ಹಾಕಿದ ಕಿಟ್ಟಿಗೆ ಬೆಲೆ ಚೆನ್ನಾಗಿಯೇ ಬೀಳುತ್ತದೆ. ಮೊದಲ ಪ್ರಯೋಗಕ್ಕೆ ಒಂದು ಒಳದಾರಿ ಇದೆ: ಪ್ಲಾಸ್ಟಿಕ್ ಕ್ಯಾನ್ವಾಸು ಮತ್ತು ಸ್ವೆಟರ್ ಹೆಣೆಯುವ ಉಲ್ಲನ್. ಇಂಚಿಗೆ 7 ತೂತಿನ ಹಾಳೆ ಸಾಮಾನ್ಯವಾಗಿ ಸಿಗುತ್ತದೆ. ತೂತು ದೊಡ್ಡದು, ಹಾಳೆ ಗಟ್ಟಿ, ಫ್ರೇಮ್ ಬೇಡ, ಎಳೆದರೂ ವಕ್ರವಾಗುವುದಿಲ್ಲ. ಲೋಟದಡಿ ಇಡುವ ಕೋಸ್ಟರ್, ಟಿಶ್ಯೂ ಡಬ್ಬಿ, ತೋರಣದ ತುಂಡು, ಎಲ್ಲ ವಾರದೊಳಗೆ ಮುಗಿಯುತ್ತವೆ. ಎಂಟು ಹತ್ತು ವರ್ಷದ ಮಕ್ಕಳೂ ಮಾಡುತ್ತಾರೆ. ಉಲ್ಲನ್ ಅಕ್ರಿಲಿಕ್ ಆಗಿದ್ದರೆ ಇಸ್ತ್ರಿ ಮಾತ್ರ ತಾಗಿಸಬೇಡಿ, ಚಪ್ಪಟೆಯಾಗಿ ಹೊಳೆಯುತ್ತದೆ.

ಹತ್ತಿ ಕ್ಯಾನ್ವಾಸಿಗೇ ಹೋಗುವವರು ಹೊಲಿಗೆಯ ಬಗೆಯನ್ನೂ ಆರಿಸಿಕೊಳ್ಳಬೇಕಾಗುತ್ತದೆ: ಹಾಫ್ ಕ್ರಾಸ್, ಕಾಂಟಿನೆಂಟಲ್, ಬ್ಯಾಸ್ಕೆಟ್‌ವೀವ್. ಮೇಲಿನಿಂದ ನೋಡಿದರೆ ಮೂರೂ ಒಂದೇ ಓರೆ, ವ್ಯತ್ಯಾಸವೆಲ್ಲ ಹಿಂಬದಿಯಲ್ಲಿ. ಹಾಫ್ ಕ್ರಾಸ್‌ನಲ್ಲಿ ದಾರ ಕಮ್ಮಿ ಸಾಕು, ಆದರೆ ಹಿಂಬದಿ ತೆಳ್ಳಗೆ. ಒಂಟಿ ಎಳೆಯ ಸಾದಾ ಕ್ಯಾನ್ವಾಸಿನಲ್ಲಿ ಈ ಹೊಲಿಗೆ ಜಾರುತ್ತದೆ, ಎಳೆಗಳು ಒಂದಕ್ಕೊಂದು ಕಚ್ಚಿಕೊಂಡ ಇಂಟರ್‌ಲಾಕ್ ಕ್ಯಾನ್ವಾಸೇ ಬೇಕು. ಕಾಂಟಿನೆಂಟಲ್‌ನಲ್ಲಿ ಹಿಂದೆಯೂ ಉದ್ದ ಓರೆ ಬೀಳುವುದರಿಂದ ದಪ್ಪ, ಬಾಳಿಕೆ ಎರಡೂ ಜಾಸ್ತಿ. ಆದರೆ ಸಾಲು ಸಾಲಾಗಿ ಒಂದೇ ಕಡೆ ಎಳೆದು ಎಳೆದು ಕ್ಯಾನ್ವಾಸೇ ಒಂದು ಪಕ್ಕಕ್ಕೆ ವಾಲುತ್ತದೆ. ಚೌಕ ಹೋಗಿ ಓರೆಯಾದ ಆಕಾರ ಬರುತ್ತದೆ. ಬ್ಯಾಸ್ಕೆಟ್‌ವೀವ್‌ನಲ್ಲಿ ಮೂಲೆಯಿಂದ ಮೂಲೆಗೆ ಓರೆ ಸಾಲಿನಲ್ಲಿ ಹೋಗಿ ಬರುತ್ತೇವೆ, ಹಿಂಬದಿ ಬುಟ್ಟಿ ನೇಯ್ದ ಹಾಗೆ ಕಾಣುತ್ತದೆ, ಕ್ಯಾನ್ವಾಸು ಅಷ್ಟಾಗಿ ವಾಲುವುದಿಲ್ಲ. ಆ 13,200 ಹಿನ್ನೆಲೆಯ ಹೊಲಿಗೆಗೆ ಇದೇ ಸರಿ. ಕಲಿಯಲು ಒಂದು ಸಂಜೆ ಸಾಕು.

ಮಳೆಗಾಲ ಎಂಬ ಪರೀಕ್ಷೆ

ಹೊರಗಿನವರು ಬರೆದ ಯಾವ ಮಾರ್ಗದರ್ಶಿಯಲ್ಲೂ ಇರದ ವಿಷಯ ಇದು. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೆ ಕೂರಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಆದರೆ ಅದೇ ತಿಂಗಳುಗಳಲ್ಲಿ ಬಟ್ಟೆ ಬೂಸ್ಟು ಹಿಡಿಯುತ್ತದೆ, ಕರೆಂಟು ಹೋಗುತ್ತದೆ, ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತದೆ.

ಉಣ್ಣೆಗೆ ನುಸಿಯ ಕಾಟ. ಉಣ್ಣೆಯನ್ನು ನುಸಿಯ ಮರಿಹುಳ ತಿನ್ನುತ್ತದೆ, ಹತ್ತಿ ದಾರದ ತಂಟೆಗೆ ಸಾಮಾನ್ಯವಾಗಿ ಬರುವುದಿಲ್ಲ. ಹತ್ತಿಗೆ ಬೇರೆ ಶತ್ರು: ಗಂಜಿ ತಿನ್ನುವ ಬೆಳ್ಳಿಮೀನು ಹುಳ. ಐಡಾದಲ್ಲೂ ಕ್ಯಾನ್ವಾಸಿನಲ್ಲೂ ಗಂಜಿ ಇದ್ದೇ ಇರುತ್ತದೆ. ತೇವದಲ್ಲಿ ಈ ಗಂಜಿ ಮೆತ್ತಗಾಗುತ್ತದೆ, ಗಟ್ಟಿಯಾಗಿದ್ದ ಕ್ಯಾನ್ವಾಸು ಮಳೆಗಾಲದಲ್ಲಿ ಸೊರಗಿ ಬೇಗ ವಾಲುತ್ತದೆ. ಹಾಗಾಗಿ ಮಲೆನಾಡಿನ ಮನೆಯಲ್ಲಿ ನೀಡಲ್‌ಪಾಯಿಂಟ್ ಮಾಡುವವರು ಕೈಯಲ್ಲಿ ಹಿಡಿದು ಹೊಲಿಯುವುದು ಬಿಟ್ಟು ಮರದ ಚೌಕಟ್ಟಿಗೆ ಬಿಗಿದುಕೊಳ್ಳುವುದು ವಾಸಿ.

ವಾಲಿದ್ದನ್ನು ಸರಿಮಾಡುವ ವಿಧಾನವೇನೋ ಇದೆ. ನೀರು ಚಿಮುಕಿಸಿ, ಹಲಗೆಯ ಮೇಲೆ ಚೌಕಕ್ಕೆ ಎಳೆದು, ಸುತ್ತ ಪಿನ್ನು ಹೊಡೆದು ಒಣಗಲು ಬಿಡುವುದು. ಆದರೆ ಜುಲೈನಲ್ಲಿ ಅದು ಒಣಗುವುದು ಯಾವಾಗ? ಒಣಗುವುದರೊಳಗೆ ಮುಗ್ಗಲು ವಾಸನೆ ಹಿಡಿದಿರುತ್ತದೆ. ಪಿನ್ನು ಸ್ಟೇನ್‌ಲೆಸ್ ಸ್ಟೀಲಿನದಲ್ಲದಿದ್ದರೆ ತುಕ್ಕಿನ ಕಲೆ ಬೇರೆ. ಹೊಲಿಗೆ ಮಳೆಗಾಲದಲ್ಲಿ ನಡೆಯಲಿ, ಎಳೆದು ಒಣಗಿಸುವ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. ಹಾಸನ ಪಟ್ಟಣದವರಿಗೆ, ಅರಸೀಕೆರೆ, ಕಡೂರಿನ ಬಯಲು ಸೀಮೆಯವರಿಗೆ ಇಷ್ಟೊಂದು ತಲೆನೋವಿಲ್ಲ.

ಮೂರಕ್ಕೂ ಅನ್ವಯಿಸುವ ಮಾತು: ಕೆಲಸ ನಿಲ್ಲಿಸಿದ ಕೂಡಲೇ ಬಟ್ಟೆಯನ್ನು ರಿಂಗಿನಿಂದ ಬಿಡಿಸಿ. ತೇವದ ದಿನಗಳಲ್ಲಿ ರಿಂಗಿನ ಗುರುತು ಹಳದಿ ವೃತ್ತವಾಗಿ ನಿಂತುಬಿಡುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಸೀರೆಗೆ ಇಡುವ ಹಾಗೆ ಲಾವಂಚದ ಬೇರು ಇಟ್ಟು ಟ್ರಂಕಿಗೆ ಹಾಕಿ. ಬಿಸಿಲು ಬಂದ ದಿನ ಹೊರತೆಗೆದು ನೆರಳಿನಲ್ಲಿ ಗಾಳಿಗೆ ಹರಡಿ.

ಬೆಳಕಿನ ವಿಷಯದಲ್ಲಿ ಕ್ರಾಸ್ ಸ್ಟಿಚ್ಚಿಗಿಂತ ನೀಡಲ್‌ಪಾಯಿಂಟ್ ಕಣ್ಣಿಗೆ ಸುಲಭ, ಕಸೂತಿ ಎಲ್ಲಕ್ಕಿಂತ ಕಷ್ಟ. ಸೀರೆಯ ಎಳೆ ಎಣಿಸುವುದು ಚಾಳೀಸು ಬಂದವರ ಕೈಲಾಗದ ಮಾತು. ಅದಕ್ಕೇ ಸೀರೆಯ ಮೇಲೆ ಜಾಲರಿಯಂಥ ಬಟ್ಟೆ ಇಟ್ಟು ಟಾಕಾ ಹಾಕಿ, ಅದರ ತೂತು ನೋಡಿ ಕಸೂತಿ ಹಾಕಿ, ಆಮೇಲೆ ಜಾಲರಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಕ್ರಾಸ್ ಸ್ಟಿಚ್ಚಿಗಾದರೆ ನಲವತ್ತು ದಾಟಿದವರು 14ರ ಬದಲು 11ರ ಬಟ್ಟೆ ತೆಗೆದುಕೊಂಡು ಮೂರು ಎಳೆಯಲ್ಲಿ ಹೊಲಿಯಲಿ. ಬಿಳಿ ಬಟ್ಟೆಯಾದರೆ ತೊಡೆಯ ಮೇಲೆ ಕಪ್ಪು ಬಟ್ಟೆ ಹಾಸಿಕೊಳ್ಳಿ, ತೂತುಗಳೆಲ್ಲ ಎದ್ದು ಕಾಣುತ್ತವೆ. ಬಲಗೈಯವರಿಗೆ ಕಿಟಕಿ ಎಡಕ್ಕಿರಲಿ. ಕರೆಂಟು ಹೋದಾಗ ಪ್ಲಾಸ್ಟಿಕ್ ಕ್ಯಾನ್ವಾಸು ಬಿಟ್ಟು ಬೇರೇನನ್ನೂ ಮುಟ್ಟಬೇಡಿ.

ಹಾಗಾದರೆ ಯಾವುದು?

ನನ್ನನ್ನು ಕೇಳಿದರೆ, ಏನೂ ಗೊತ್ತಿಲ್ಲದವರು ಕ್ರಾಸ್ ಸ್ಟಿಚ್ಚಿನಿಂದಲೇ ಶುರು ಮಾಡಲಿ. ಖರ್ಚು ಕಮ್ಮಿ, ಸಾಮಾನು ಊರಲ್ಲೇ ಸಿಗುತ್ತದೆ, ಹತ್ತು ದಿನಕ್ಕೆ ಕೈಗೊಂದು ಆನೆ ಬರುತ್ತದೆ, ಇಷ್ಟವಾಗದಿದ್ದರೆ ನಷ್ಟವೂ ಇಲ್ಲ. ಆಮೇಲೆ ಎಣಿಕೆ ಖುಷಿ ಕೊಟ್ಟರೆ ಕಸೂತಿಯ ಕಡೆ ಹೋಗಿ. ಎಣಿಕೆಯೇ ಬೇಜಾರಾದರೆ ನೀಡಲ್‌ಪಾಯಿಂಟ್ ಕಡೆ.

ಇದಕ್ಕೆ ಒಂದೆರಡು ಅಪವಾದ. ಉಡುವ ಬಟ್ಟೆಯ ಮೇಲೇ ಕೆಲಸ ಕಾಣಬೇಕು, ಗೋಡೆಗೆ ನೇತುಹಾಕುವ ಚಿತ್ರ ಬೇಡ ಎನ್ನುವವರು ನೇರ ಕಸೂತಿ ಕಲಿಯಿರಿ. ಕುಪ್ಪಸದ ತೋಳಿನ ಅಂಚು, ಕುರ್ತಾದ ಕತ್ತಿನಿಂದ ಶುರು ಮಾಡಿ, ಇಡೀ ಸೀರೆ ಸದ್ಯಕ್ಕೆ ಬೇಡ. ಮನೆಯಲ್ಲಿ ಹಳೆಯ ಮರದ ಕುರ್ಚಿ ಇದ್ದು ಸೀಟು ಸವೆದಿದ್ದರೆ, ಮೂರು ತಿಂಗಳು ಕಾಯುವ ತಾಳ್ಮೆಯೂ ಇದ್ದರೆ, ನೀಡಲ್‌ಪಾಯಿಂಟ್‌ಗೆ ಸಮನಾದದ್ದು ಇಲ್ಲ. ಕ್ರಾಸ್ ಸ್ಟಿಚ್ ಹಾಕಿದ ಬಟ್ಟೆಯ ಮೇಲೆ ದಿನಾ ಕೂತರೆ ವರ್ಷದೊಳಗೆ ಜುಂಗು ಏಳುತ್ತದೆ. ನಿವೃತ್ತರಾದ ಗಂಡಸರಿಗೂ ನಾನು ನೀಡಲ್‌ಪಾಯಿಂಟನ್ನೇ ಹೇಳುವುದು. ಚೌಕಟ್ಟು ಮಾಡುವುದು, ಬಿಗಿಯುವುದು, ಹಲಗೆಗೆ ಹೊಡೆಯುವುದು ಎಂದು ಬಡಗಿ ಕೆಲಸವೂ ಅದರಲ್ಲಿ ಸೇರಿಕೊಂಡಿರುವುದರಿಂದ ಅವರು ಬೇಗ ಒಗ್ಗುತ್ತಾರೆ.

ಚುಕ್ಕೆಚುಕ್ಕೆಯಾಗಿ ಇಂಟು ಗುರುತು ಅಚ್ಚು ಹಾಕಿದ ಕ್ರಾಸ್ ಸ್ಟಿಚ್ ಬಟ್ಟೆಯೂ ಬರುತ್ತದೆ. ಎಣಿಕೆ ಬೇಡದವರಿಗೆ ಅದು ನಡುದಾರಿ. ತೊಳೆದು ಅಚ್ಚು ಪೂರ್ತಿ ಹೋದ ಮೇಲಷ್ಟೇ ಇಸ್ತ್ರಿ ಮಾಡಿ. ಬಿಸಿ ತಾಗಿದರೆ ಆ ಶಾಯಿ ಕೂತುಬಿಡಬಹುದು.

ಮೊದಲ ಸಲ ಅಂಗಡಿಗೆ ಹೋದಾಗ ಕಾಲು ಮೀಟರ್ ಮ್ಯಾಟಿ, ಮೂರು ಬಣ್ಣದ ದಾರ, ಆರಿಂಚಿನ ಒಂದು ರಿಂಗು ತನ್ನಿ. ಸೂಜಿ ಮೊಂಡು ತುದಿಯದೇ ಆಗಿರಲಿ, ಚೂಪು ಸೂಜಿ ಎಳೆಯನ್ನೇ ಸೀಳುತ್ತದೆ. 14ರ ಬಟ್ಟೆಗೆ 24ನೇ ನಂಬರು, ಇಂಚಿಗೆ 10 ತೂತಿನ ಕ್ಯಾನ್ವಾಸಿಗೆ 18ನೇ ನಂಬರು. ಸೂಜಿಯ ನಂಬರು ಏರಿದಷ್ಟೂ ಸೂಜಿ ಸಣ್ಣ. ದಾರವನ್ನು ಹೂವು ಅಳೆಯುವ ಹಾಗೆ ಒಂದು ಮೊಳ ಅಳೆದು ಕತ್ತರಿಸಿ, ಅದಕ್ಕಿಂತ ಉದ್ದ ಬೇಡ. ತೂತಿನಲ್ಲಿ ಹೋಗಿ ಬಂದು ದಾರದ ಹೊಳಪು ಹೋಗುತ್ತದೆ, ಉಣ್ಣೆಯಾದರೆ ಕೊನೆಕೊನೆಗೆ ನವೆದು ಜಾಲರಿಯನ್ನು ಮುಚ್ಚುವುದೇ ಇಲ್ಲ.